ನಮ್ಮ ಓಣಿಗೆ ಅಂಕ ಹಾಕಿದ ದಿನ

ಆ ವರ್ಷ ಬೀದರಿನ ನಮ್ಮ ಓಣಿಯ ನಲ್ಲಿಗಳು ಬರೀ ಗಾಳಿ ಉಗುಳುತ್ತಿದ್ದವು. ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಭಾಲ್ಕಿ, ಔರಾದ ಕಡೆಯ ಜನ ಗಂಟುಮೂಟೆ ಹೊತ್ತು ನಮ್ಮೂರಿನ ಬಸ್ ನಿಲ್ದಾಣದಿಂದ ಹೈದರಾಬಾದಿಗೆ ಗುಳೆ ಹೋಗುತ್ತಿದ್ದರು. ಭಾಲ್ಕಿ ಕಡೆಯ ಮೆಹಕರದಲ್ಲಿದ್ದ ನನ್ನ ಅಕ್ಕ, ಭಾವನೂ ಹಾಗೇ ಹೊರಟು ನಮ್ಮ ಮನೆಯಲ್ಲಿ ತಂಗಿದರು. ಮರುದಿನ ಮಧ್ಯಾಹ್ನ ಅವರ ತಂಡದ ಮೇಸ್ತ್ರಿ ನಿಲ್ದಾಣದಲ್ಲಿ ಕಾಯುವವನಿದ್ದ.

ಅದೇ ದಿನ ಓಣಿಗೆ ಸಮೀಕ್ಷೆಯವರು ಬರುವುದಿತ್ತು. ಯಾವ ಊರು ಬಾಳಲು ಎಷ್ಟು ಯೋಗ್ಯ ಎಂದು ಅಂಕ ಕೊಡುವ ಸಮೀಕ್ಷೆ. ಒಂದಿಷ್ಟು ಅಂಕ ಕಡತ ನೋಡಿ, ಒಂದಿಷ್ಟು ಬೀದಿ ನೋಡಿ, ಉಳಿದದ್ದು ಜನರನ್ನು ಕೇಳಿ. ಚುನಾವಣೆ ಹತ್ತಿರವಿತ್ತು. ಊರಿನ ಸ್ಥಾನ ಮೇಲೇರಿದರೆ ಅದನ್ನೇ ಹೇಳಿ ಮತ ಕೇಳಬಹುದೆಂದು ವಾರ್ಡಿನ ಪುಢಾರಿ ಓಣಿಯ ಗೋಡೆಗಳಿಗೆಲ್ಲ ಸುಣ್ಣ ಬಳಿಸಿದ್ದ.

ಬೆಳಿಗ್ಗೆ ಅವನು ಮನೆಮನೆಗೆ ಬಂದ. "ವೈನಿ, ಕೊಡ ಎಲ್ಲಾ ಒಳಗ ಇಡ್ರಿ. ಇವತ್ತು ಟ್ಯಾಂಕರ್ ಬರಂಗಿಲ್ಲ. ಕೊಡದ ಸಾಲು ಕಂಡ್ರ ಅಂಕ ಕಡಿಮಿ ಆಗ್ತಾವ," ಎಂದ. ಅಂಗಳದಲ್ಲಿದ್ದ ಅಕ್ಕನ ಗಂಟುಗಳ ಮೇಲೆ ಅವನ ಕಣ್ಣು ಬಿತ್ತು. "ಗುಳೆ ಹೋಗೋ ಮಂದಿ ಹೊರಗ ಕಾಣಬಾರದ್ರಿ. ಸಮೀಕ್ಷೆದವ್ರು ಹೋಗೋತನಕ ಒಳಗೇ ಇರ್ರಿ."

"ಬಸ್ಸಿಗಿ ಹೋಗಬೇಕ್ರಿ ನಾವು," ಎಂದಳು ಅಕ್ಕ.

"ಈಗ ಬರ್ತಾರ, ಈಗ ಹೋಗ್ತಾರ. ಜರಾ ತಡೀರಿ."

ಮಾತು ಮೆತ್ತಗಿತ್ತು. ನಾವು ಒಳಗೆ ಹೋದಮೇಲೆ ಹೊರಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ನನ್ನ ಗಂಡ ಕೆಲಸಕ್ಕೆ ಹೋಗಿದ್ದರು. ತಗಡು ಹೊದಿಸಿದ ಕೋಣೆಯಲ್ಲಿ ನಾವು ಮೂವರು ಮತ್ತು ನನ್ನ ಅತ್ತೆ. ಬಿಸಿಲೇರಿದಂತೆ ತಗಡು ಚಟಪಟ ಅನ್ನತೊಡಗಿತು. ಕೊಡದ ನೀರು ತಳ ಕಂಡಿತು. ಭಾವ ಬಾಗಿಲು ಬಡಿಬಡಿದು ಸುಸ್ತಾಗಿ ಕುಳಿತರು. ಎದುರುಮನೆಯವರ ಚಿಲಕವೂ ಬಿದ್ದಿತ್ತು, ಯಾರು ಬಂದು ತೆಗೆಯಬೇಕು? ನಾನು ಕೂಗಲು ಹೋದರೆ ಅತ್ತೆ ಕೈ ಹಿಡಿದರು. "ಸುಮ್ನಿರು. ನನ್ನ ಪಿಂಚಣಿ ಮಾಡಿಸಿಕೊಟ್ಟವ ಅವನೇ." ಅಕ್ಕ ಮಾತ್ರ ಕಿಟಕಿಯ ಸರಳು ಹಿಡಿದು ನಿಂತವಳು ಕದಲಲೇ ಇಲ್ಲ.

ಮಧ್ಯಾಹ್ನ ಕಳೆದಮೇಲೆ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಕಿಟಕಿಯ ಹೊರಗೆ ಬಂದಳು. ಅವಳ ಬೆನ್ನಿಗೇ ಪುಢಾರಿ.

"ನೀರು ಸರಿಯಾಗಿ ಬರುತ್ತಾ?" ಎಂದು ಕೇಳಿದಳು. ಬೆಂಗಳೂರಿನ ಕಡೆಯ ಮಾತು.

ಅತ್ತೆ ಪುಢಾರಿಯ ಮುಖ ನೋಡಿ, "ಛಲೋ ಬರ್ತದ್ರಿ," ಎಂದರು. ಹುಡುಗಿ ಅದನ್ನು ಟ್ಯಾಬಿನಲ್ಲಿ ಒತ್ತಿದಳು.

"ಸುಳ್ಳದ್ರಿ!" ಅಕ್ಕ ಕೂಗಿದಳು. "ಕುಡ್ಯಾಕ ಹನಿ ನೀರಿಲ್ಲ. ಬಾಗಲಾ ಹೊರಗಿಂದ ಹಾಕ್ಯಾರ."

"ನೀವು ಇಲ್ಲೇ ಇರೋದಾ?"

"ಇಲ್ರಿ, ಮೆಹಕರ. ಹೈದರಾಬಾದಿಗಿ ಹೊಂಟೀವಿ."

"ಹಾಗಾದ್ರೆ ನಿಮ್ಮ ಉತ್ತರ ತಗೊಳ್ಳೋಕೆ ಆಗಲ್ಲಮ್ಮ. ಈ ಊರಲ್ಲಿ ಇರೋರದ್ದು ಮಾತ್ರ."

"ಹೈದರಾಬಾದಿನಾಗರೆ ನನಗ ಕೇಳ್ತಾರೇನ್ರಿ?"

ನಾನು ಕಿಟಕಿಗೆ ಬಂದೆ. "ನಾ ಇದೇ ಊರಾಕಿ ರೀ. ಅಕ್ಕ ಹೇಳಿದ್ದೇ ಖರೆ. ಬರಕೋರಿ."

ಪುಢಾರಿ ನಕ್ಕ. "ಒಂದು ಮನಿಗಿ ಒಂದೇ ಉತ್ತರ, ಹೌದಲ್ರಿ ಮೇಡಮ್?"

ಹೌದೆಂದು ಅವಳು ತಲೆ ಆಡಿಸಿದಳು. ಆದರೆ ಮುಂದಿನ ಮನೆಗೆ ಹೋಗುವ ಮೊದಲು ಬಾಗಿಲಿನ ಹತ್ತಿರ ಬಂದು, ಅವನು ನೋಡುತ್ತಿದ್ದಂತೆಯೇ ಚಿಲಕ ಸರಿಸಿದಳು.

ಅಕ್ಕ, ಭಾವ ಗಂಟು ಹೊತ್ತು ಓಡಿದರು. ಮೇಸ್ತ್ರಿ ಉಳಿದವರನ್ನು ಕರೆದುಕೊಂಡು ಹೋಗಿಬಿಟ್ಟಿದ್ದ. ಮರುದಿನ ಭಾವ ಒಬ್ಬರೇ ಕೆಲಸ ಹುಡುಕುತ್ತ ಹೋದರು. ಅಕ್ಕ ಆ ಬೇಸಿಗೆಯೆಲ್ಲ ನಮ್ಮಲ್ಲೇ ಉಳಿದಳು.

ಊರಿನ ಸ್ಥಾನ ಮೇಲೇರಿತು. ಪುಢಾರಿಯ ಫೋಟೋ ಹಾಕಿದ ಬ್ಯಾನರ್ ನಮ್ಮ ಕಿಟಕಿಗೇ ಅಡ್ಡ ಕಟ್ಟಿದರು. ಬರುತ್ತಿದ್ದ ಚೂರು ಗಾಳಿಯೂ ನಿಂತಿತು. ವಿರೋಧ ಪಕ್ಷದವರು ಬಂದು, ಅದೆಲ್ಲ ಸುಳ್ಳು ಅಂಕ, ಖಾಲಿ ಕೊಡ ಹಿಡಿದು ಫೋಟೋಕ್ಕೆ ನಿಲ್ಲಿರಿ ಎಂದರು. ನಾವು ನಿಲ್ಲಲಿಲ್ಲ. ಟ್ಯಾಂಕರ್ ಮಾತ್ರ ಸಮೀಕ್ಷೆಯ ಮರುದಿನದಿಂದಲೇ ನಮ್ಮ ಮನೆ ದಾಟಿ ಓಣಿಯ ಆ ಕೊನೆಯಲ್ಲಿ ನಿಲ್ಲತೊಡಗಿತು. ನಾನೂ ಅಕ್ಕನೂ ಅಲ್ಲಿಂದ ನೀರು ಹೊತ್ತೆವು.