ಮೌನದ ಬೋಗಿಯ ಲೆಸ್ಟರ್

ಬೆಳಗ್ಗೆ ಏಳು ಗಂಟೆ ದಾಟಿದ ಮೇಲೆ ಟ್ರೆಂಟನ್ ನಿಲ್ದಾಣದ ಕೊನೆಯ ದೀಪದ ಕಂಬದ ಪಕ್ಕ ಯಾರಾದರೂ ನಿಂತಿದ್ದರೆ ಅದು ಲೆಸ್ಟರ್ ಪವ್ಲಿಕ್ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ನ್ಯೂಯಾರ್ಕಿಗೆ ಹೋಗುವ ಏಳು ಹನ್ನೆರಡರ ರೈಲಿನ ಕೊನೆಯ ಬೋಗಿಯ ಬಾಗಿಲು ಆ ಕಂಬದ ಎದುರಿಗೇ ಬಂದು ನಿಲ್ಲುತ್ತದೆ. ಕೊನೆಯ ಬೋಗಿ ಎಂದರೆ ಮೌನದ ಬೋಗಿ. ಅಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ, ಹಾಡುಗೀಡು ಹಾಕುವಂತಿಲ್ಲ, ಪಕ್ಕದವರಿಗೆ ಏನಾದರೂ ಹೇಳಲೇಬೇಕಿದ್ದರೆ ಪಿಸುಗುಟ್ಟಬೇಕು. ಹಾಗೆಂದು ರೈಲಿನವರು ಬಾಗಿಲ ಮೇಲೆ ಒಂದು ಬೋರ್ಡು ಹಾಕಿ ಕೈ ತೊಳೆದುಕೊಂಡಿದ್ದರು. ಅದು ಜಾರಿಯಾಗುವಂತೆ ನೋಡಿಕೊಳ್ಳುವ ಕೆಲಸವನ್ನು ಲೆಸ್ಟರ್‌ಗೆ ಯಾರೂ ವಹಿಸಿರಲಿಲ್ಲ. ಅವನೇ ತಲೆಯ ಮೇಲೆ ಹೊತ್ತುಕೊಂಡಿದ್ದ.

ಅರವತ್ಮೂರರ ಲೆಸ್ಟರ್‌ನ ನಿಜವಾದ ಕೆಲಸ ಲಿಫ್ಟುಗಳ ತಪಾಸಣೆ. ಕೊರಳಲ್ಲಿ ಫೋಟೋ ಇರುವ ಇನ್ಸ್‌ಪೆಕ್ಟರ್ ಬಿಲ್ಲೆ ನೇತುಹಾಕಿಕೊಂಡು ದಿನವಿಡೀ ನ್ಯೂಯಾರ್ಕಿನ ಕಟ್ಟಡಗಳಲ್ಲಿ ಮೇಲೆ ಹೋಗುವುದು, ಕೆಳಗೆ ಬರುವುದು. ಲಿಫ್ಟಿನಲ್ಲಿ ಜನ ಬಾಯಿ ಮುಚ್ಚಿಕೊಂಡು ಅಂಕಿಗಳನ್ನೇ ನೋಡುತ್ತಾ ನಿಲ್ಲುತ್ತಾರಲ್ಲ, ಅದೊಂದು ಅವನಿಗೆ ಬಹಳ ಇಷ್ಟ. ಮನುಷ್ಯರು ಮನಸ್ಸು ಮಾಡಿದರೆ ಮರ್ಯಾದೆಯಿಂದ ಇರಬಲ್ಲರು ಎಂಬುದಕ್ಕೆ ಅವನು ಕೊಡುತ್ತಿದ್ದ ಸಾಕ್ಷಿ ಅದೇ.

ರೈಲಿನಲ್ಲಿ ಅವನ ದಂಡನೆಗೆ ಮೂರು ಮೆಟ್ಟಿಲು. ಮೊದಲು ಹುಬ್ಬು ಏರಿಸುವುದು. ಬಗ್ಗದಿದ್ದರೆ ಕೆಮ್ಮು. ಅದಕ್ಕೂ ಬಗ್ಗದಿದ್ದರೆ ಚೀಟಿ. ಚೀಟಿಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ: ‘ಇದು ಮೌನದ ಬೋಗಿ. ನಿಮ್ಮ ಅತ್ತಿಗೆಯ ಆಪರೇಷನ್ ನಿಮ್ಮಲ್ಲೇ ಇರಲಿ.’ ಕಕ್ಷಿದಾರನ ವಿಚ್ಛೇದನವನ್ನು ಇಡೀ ಬೋಗಿಗೆ ಕೇಳಿಸುತ್ತಿದ್ದ ವಕೀಲನಿಗೆ ಅದು ಸಿಕ್ಕಿದೆ. ಆಲೂಗಡ್ಡೆ ಚಿಪ್ಸನ್ನು ಅರ್ಧ ನಿಮಿಷಕ್ಕೊಂದರಂತೆ ಕುರುಕುತ್ತಿದ್ದ ದಢಿಯನಿಗೂ ಸಿಕ್ಕಿದೆ. ಟಿಕೆಟ್ ಕೇಳುತ್ತಾ ಸ್ವಲ್ಪ ಗಟ್ಟಿಯಾಗಿ ಸೀನಿದ ತಪ್ಪಿಗೆ ಕಂಡಕ್ಟರ್ ಅರ್ಮಾಂಡೊಗೂ ಒಂದು ಸಿಕ್ಕಿತ್ತು. ಲೆಸ್ಟರ್ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ‘ಶ್’ ಎನ್ನುವುದೂ ಶಬ್ದವೇ ಎಂಬುದು ಅವನ ವಾದ. ಪಾಸು ತೋರಿಸುವಾಗಲೂ ತಲೆಯನ್ನಷ್ಟೇ ಆಡಿಸುತ್ತಿದ್ದ.

ಇಂಥವನು ಮನೆಯಲ್ಲಿ ಎಷ್ಟು ಸುಖವಾಗಿರಬಹುದು ಎಂದು ನೀವು ಅಂದುಕೊಂಡರೆ ತಪ್ಪು. ಹೆಂಡತಿ ಐರೀನ್ ತೀರಿಕೊಂಡು ಹನ್ನೆರಡು ವರ್ಷ. ಮನೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಅದನ್ನು ತಾಳಲಾರದೆ ಅಡುಗೆಮನೆಯ ರೇಡಿಯೋವನ್ನು ತಾನು ಕೆಲಸಕ್ಕೆ ಹೋದಾಗಲೂ ಹಚ್ಚಿಯೇ ಇಟ್ಟಿರುತ್ತಿದ್ದ. ಒಬ್ಬನೇ ಇರುವಾಗಿನ ಮೌನ ಬೇರೆ, ಎಪ್ಪತ್ತು ಎಂಬತ್ತು ಜನ ಜೊತೆಯಾಗಿ ಕೂತು ಕಾಯ್ದುಕೊಂಡ ಮೌನ ಬೇರೆ. ಎರಡನೆಯದಕ್ಕಾಗಿ ಅವನು ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತಿದ್ದ. ಬಾಯಿ ಬಿಡದೆ.

ಇನ್ನು ಆಕೆಯ ವಿಷಯ. ಮುಂದಿನ ನಿಲ್ದಾಣವಾದ ಹ್ಯಾಮಿಲ್ಟನ್ನಿನಲ್ಲಿ ಹತ್ತುವ ಆಕೆಗೆ ಐವತ್ತೆಂಟೋ ಅರವತ್ತೋ ಇರಬಹುದು. ಕಪ್ಪು ಹೆಣ್ಣುಮಗಳು, ಎತ್ತರದ ಆಳು. ಒಂಬತ್ತು ವರ್ಷದಿಂದ ನಡುದಾರಿಯ ಆಚೆಗೆ, ಲೆಸ್ಟರ್‌ನ ಸರಿ ಎದುರಿನ ಸೀಟಿನಲ್ಲಿ ಕೂರುತ್ತಿದ್ದಳು. ಆ ಸೀಟಿನ ಮೇಲೆ ಲೆಸ್ಟರ್ ತನ್ನ ಟೋಪಿ ಇಟ್ಟು ಕಾಯುತ್ತಿದ್ದ. ಆಕೆ ಬಂದು ಟೋಪಿಯನ್ನು ಎತ್ತಿ ಅವನ ಕೈಗೆ ಕೊಡುತ್ತಿದ್ದಳು, ಜೊತೆಗೆ ಒಂದು ಪೆಪ್ಪರ್‌ಮಿಂಟು. ಆಮೇಲೆ ಹೆಣಿಗೆಯ ಚೀಲ ತೆಗೆಯುತ್ತಿದ್ದಳು. ನ್ಯೂಯಾರ್ಕ್ ಬಂದದ್ದೇ ತಡ ಮೆಟ್ಟಿಲು ಹತ್ತಿ ಜನರ ನಡುವೆ ಮಾಯ. ಒಂಬತ್ತು ವರ್ಷದಲ್ಲಿ ಆಕೆ ಹೆಣೆದ ಸ್ವೆಟರುಗಳು ಎಷ್ಟು, ಯಾವ ತೋಳು ಬಿಚ್ಚಿ ಮತ್ತೆ ಹೆಣೆದಳು, ಯಾವ ಚಳಿಗಾಲದಲ್ಲಿ ಆಕೆಗೆ ಅಳು ಬಂದಿತ್ತು, ಎಲ್ಲವೂ ಲೆಸ್ಟರ್‌ಗೆ ಗೊತ್ತು. ಹೆಸರು ಗೊತ್ತಿರಲಿಲ್ಲ. ದನಿ ಕೇಳಿರಲಿಲ್ಲ. ಅವನು ಆಕೆಯನ್ನು ಪ್ರೀತಿಸುತ್ತಿದ್ದ. ಇದನ್ನು ಅವನಿಗೇ ಹೇಳಿದ್ದರೆ ಚೀಟಿ ಕೊಡುತ್ತಿದ್ದ.

ಬುಧವಾರ ಆಕೆ ಚೀಲದಿಂದ ಒಂದು ದೊಡ್ಡ ಶುಭಾಶಯ ಪತ್ರ ತೆಗೆದು ಓದಿಕೊಂಡಳು. ಲೆಸ್ಟರ್ ಕಣ್ಣು ಹಾಯಿಸಿದ. ತುಂಬಾ ಜನ ಸಹಿ ಮಾಡಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ನಿವೃತ್ತಿಯ ಶುಭಾಶಯಗಳು! ಶುಕ್ರವಾರ ನಾಲ್ಕಕ್ಕೆ ಕೇಕು’ ಎಂದಿತ್ತು. ಶುಕ್ರವಾರ ಕಳೆದರೆ ಆಕೆ ಈ ರೈಲು ಹತ್ತುವುದಿಲ್ಲ. ಹೆಸರೇ ಗೊತ್ತಿಲ್ಲದವಳನ್ನು ಎಲ್ಲಿ ಅಂತ ಹುಡುಕುವುದು?

ಎರಡು ರಾತ್ರಿ ಹೊರಳಾಡಿ ಒಂದು ಉಪಾಯ ಮಾಡಿದ. ನ್ಯೂಯಾರ್ಕಿಗೆ ಎರಡು ನಿಮಿಷ ಇರುವಾಗ ಎಲ್ಲರೂ ಎದ್ದು ಬಾಗಿಲ ಬಳಿಯ ಕಿರುಜಾಗಕ್ಕೆ ಬರುತ್ತಾರೆ. ಅದು ಬೋಗಿಯ ಲೆಕ್ಕಕ್ಕೆ ಸೇರುವುದಿಲ್ಲ, ಅಲ್ಲಿ ಬಾಯಿ ಬಿಡಬಹುದು. ಹೇಳಬೇಕಾದ ಮಾತನ್ನೂ ಹೊಂದಿಸಿದ: “ನನ್ನ ಹೆಸರು ಲೆಸ್ಟರ್. ನಿಮ್ಮ ಹೆಸರು ತಿಳ್ಕೋಬೋದಾ?” ಶುಕ್ರವಾರ ಬೆಳಗ್ಗೆ ಕಂಬದ ಪಕ್ಕ ನಿಂತು ಅದನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದ. ಪ್ಲಾಟ್‌ಫಾರ್ಮಿನ ಧ್ವನಿವರ್ಧಕ ಏನೋ ಒದರುತ್ತಿತ್ತು. ಧ್ವನಿವರ್ಧಕವನ್ನು ಲೆಸ್ಟರ್ ಎಂದೂ ಲೆಕ್ಕಕ್ಕೆ ಇಟ್ಟವನಲ್ಲ.

ರೈಲು ಬಂತು. ಬಾಗಿಲು ತೆರೆಯಿತು. ಒಳಗೆ ಸಂತೆ ನೆರೆದಿತ್ತು!

ಯಾವುದೋ ಚರ್ಚಿನ ಹಿರಿಯ ಹೆಂಗಸರ ಸಂಘ. ಇಪ್ಪತ್ತೆರಡು ಮಂದಿ, ಎಲ್ಲರಿಗೂ ಎಪ್ಪತ್ತೈದರ ಮೇಲೆ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನದ ನಾಟಕ ನೋಡಲು ಹೊರಟವರು ಆಗಲೇ ಹತ್ತಿ ಕೂತಿದ್ದರು. ಒಬ್ಬಳು ಮೊಟ್ಟೆಯ ಸ್ಯಾಂಡ್‌ವಿಚ್ ಹಂಚುತ್ತಿದ್ದಳು, ಇನ್ನೊಬ್ಬಳು ಸೀಟಿನ ಬೆನ್ನ ಮೇಲೆ ಒರಗಿ ತನ್ನ ಮಂಡಿಚಿಪ್ಪಿನ ಚರಿತ್ರೆ ಹೇಳುತ್ತಿದ್ದಳು, ನಾಲ್ಕು ಜನ ಒಂದೇ ಫೋನಿನೊಳಗೆ ಯಾರದೋ ಮೊಮ್ಮಗುವಿಗೆ “ಚಿನ್ನೂ! ಇಲ್ನೋಡು, ಇಲ್ಲಿ!” ಎಂದು ಕೂಗುತ್ತಿದ್ದರು.

ಲೆಸ್ಟರ್ ಹುಬ್ಬು ಏರಿಸಿದ. ಯಾರೂ ನೋಡಲಿಲ್ಲ. ಕೆಮ್ಮಿದ.

“ಅಯ್ಯೋ, ಎದೆ ಕಟ್ಕೊಂಡಿದೆ ಕಣಪ್ಪಾ ನಿಂಗೆ. ತಗೋ, ಇದನ್ನ ಚೀಪು,” ಎಂದು ಮಂಡಿಚಿಪ್ಪಿನವಳು ಒಂದು ಮಾತ್ರೆ ಕೊಟ್ಟಳು.

ಜೇಬಿನಲ್ಲಿ ಏಳು ಚೀಟಿ ಇದ್ದವು. ಏಳನ್ನೂ ಹಂಚಿದ. ಹೆಂಗಸರು ಕನ್ನಡಕ ಏರಿಸಿ ಓದಿದರು, ಹಿಂದಿನ ಸಾಲಿಗೆ ದಾಟಿಸಿದರು. ಅವನ ಎದೆಯ ಮೇಲಿನ ಬಿಲ್ಲೆಯಲ್ಲಿ ಇನ್ಸ್‌ಪೆಕ್ಟರ್ ಎಂಬ ಅಕ್ಷರ ಕಂಡಿತು. ಯಾವುದರ ಇನ್ಸ್‌ಪೆಕ್ಟರ್ ಎಂದು ಓದಲು ಯಾರ ಕಣ್ಣೂ ಅಷ್ಟು ಚೆನ್ನಾಗಿರಲಿಲ್ಲ. ಸರ್ಕಾರದವರು ಹೇಳಿದ್ದನ್ನು ಕೇಳಿಯೇ ಬೆಳೆದ ಕಾಲದವರು ಅವರು. ಫೋನು ಒಳಗೆ ಹೋಯಿತು, ಸ್ಯಾಂಡ್‌ವಿಚ್ ಹಾಳೆಯೊಳಗೇ ಉಳಿಯಿತು. ಇಪ್ಪತ್ತೆರಡು ಮಂದಿ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೈಸಿಕೊಂಡ ಶಾಲೆಯ ಹುಡುಗಿಯರಂತೆ ಕೂತರು. ಲೆಸ್ಟರ್‌ನ ಹಿಂದೆಯೇ ಹತ್ತಿದ ದಿನನಿತ್ಯದವರು, ಅವನಿದ್ದಾನಲ್ಲ ಎಂಬ ಧೈರ್ಯದಲ್ಲಿ, ಉಳಿದ ಸೀಟುಗಳಲ್ಲಿ ಕಣ್ಣು ಮುಚ್ಚಿದರು.

ಹ್ಯಾಮಿಲ್ಟನ್ನಿನಲ್ಲಿ ಆಕೆ ಹತ್ತಿದಳು. ಕಿಕ್ಕಿರಿದ ಬೋಗಿಯನ್ನೂ ಅದರ ನಿಶ್ಶಬ್ದವನ್ನೂ ನೋಡಿ ಅವಳ ಕಣ್ಣು ಅರಳಿದವು. ಟೋಪಿ ಕೊಟ್ಟಳು, ಪೆಪ್ಪರ್‌ಮಿಂಟು ಕೊಟ್ಟಳು. ಲೆಸ್ಟರ್ ಯುದ್ಧ ಗೆದ್ದವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಕೊನೆಯ ದಿನ ಆಕೆಗೆ ಅವನು ಕೊಡಬಹುದಾಗಿದ್ದ ಉಡುಗೊರೆ ಅದೇ ತಾನೆ.

ಆಕೆ ಇವತ್ತು ಹೆಣಿಗೆ ತೆಗೆಯಲಿಲ್ಲ. ಸುಮ್ಮನೆ ಬೆರಳುಗಳನ್ನು ಮಡಚುತ್ತಾ ಬಿಡಿಸುತ್ತಾ ಕಿಟಕಿಯ ಕಡೆ ನೋಡುತ್ತಿದ್ದಳು. ಒಂದು ಗಂಟೆ ಕಳೆಯಿತು. ನ್ಯೂವಾರ್ಕ್ ದಾಟಿತು. ಲೆಸ್ಟರ್ ತನ್ನ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಉರು ಹೊಡೆದ.

ಆಗ ಮುಂದಿನ ಬೋಗಿಗಳನ್ನೆಲ್ಲ ಮುಗಿಸಿ ಅರ್ಮಾಂಡೊ ಒಳಗೆ ಬಂದ. ಹೆಂಗಸರನ್ನು ನೋಡಿ ಬಾಗಿಲಲ್ಲೇ ನಿಂತ.

“ಇದೇನ್ರಮ್ಮಾ, ನಾಟಕಕ್ಕೆ ಹೊರಟಿದ್ದೀರೋ ಸಾವಿನ ಮನೆಗೋ? ಯಾಕಿಷ್ಟು ಸುಮ್ನೆ ಕೂತಿದ್ದೀರಿ?”

ಸಂಘದ ಮುಖ್ಯಸ್ಥೆ ಫಿಲೊಮಿನಾ ಗ್ರಾಬೋ ಬೆರಳೆತ್ತಿ ಅನುಮತಿ ಕೇಳಿ, ಆಮೇಲೆ ಪಿಸುಗುಟ್ಟಿದಳು: “ಮಾತಾಡ್ಬೋದಾ? ಈ ಸಾಹೇಬ್ರು ಚೀಟಿ ಕೊಟ್ಟಿದ್ದಾರೆ.”

ಅರ್ಮಾಂಡೊ ಚೀಟಿ ನೋಡಿದ. ಲೆಸ್ಟರ್‌ನನ್ನು ನೋಡಿದ. ಕೂರಲು ಜಾಗವಿಲ್ಲದೆ ನಿಂತೇ ನಕ್ಕ.

“ಸ್ವಾಮಿ, ಟ್ರೆಂಟನ್ನಲ್ಲಿ ಮೂರು ಸಲ ಕೂಗಿ ಹೇಳಿದ್ರಲ್ಲ! ಇವತ್ತು ಕೊನೇ ಬೋಗಿ ಈ ತಾಯಂದ್ರಿಗೆ ಕೊಟ್ಟಿದೆ. ಮೌನದ ಬೋಗಿ ಇವತ್ತು ಮೊದಲ್ನೇದು. ಅದು ಹತ್ತು ಬೋಗಿ ಮುಂದಿದೆ!”

“ಏನು?” ಎಂದ ಲೆಸ್ಟರ್.

ಒಂದೇ ಮಾತು. ಎದುರು ಸೀಟಿನವಳ ಕೈಯಿಂದ ಚೀಲ ಜಾರಿ, ಮೂರು ಬಣ್ಣದ ಉಣ್ಣೆಯುಂಡೆಗಳು ನಡುದಾರಿಯಲ್ಲಿ ಉರುಳಿದವು.

“ನಿಮಗೆ ಮಾತು ಬರತ್ತಾ!” ಎಂದು ಆಕೆ ಕೂಗಿದಳು. ಎಂಥ ದನಿ ಎಂದರೆ, ಕಣ್ಣು ಮುಚ್ಚಿದ್ದ ದಿನನಿತ್ಯದವರೆಲ್ಲ ಒಟ್ಟಿಗೇ ಬೆಚ್ಚಿ ಎದ್ದು, ಒಟ್ಟಿಗೇ “ಶ್!” ಎಂದರು.

“ಶ್ ಅಂತೆ ಶ್! ಇದು ನಮ್ಮ ಬೋಗಿ!” ಎಂದು ಫಿಲೊಮಿನಾ ಗ್ರಾಬೋ ಎದ್ದು ನಿಂತಳು. ಅಲ್ಲಿಗೆ ಕಟ್ಟೆ ಒಡೆಯಿತು. ಇಪ್ಪತ್ತೆರಡು ಬಾಯಿಗಳು ಒಂದೇ ಸಲ ತೆರೆದುಕೊಂಡವು. “ಒಂದು ಗಂಟೆಯಿಂದ ನನ್ನ ಸ್ಯಾಂಡ್‌ವಿಚ್ ಬಿಚ್ಚಿಲ್ಲ ಕಣಯ್ಯಾ, ಹಾಳೆ ಸದ್ದಾಗತ್ತೆ ಅಂತ!” “ನನ್ನ ಮಾತ್ರೆ ವಾಪಸ್ ಕೊಡು!” “ಇನ್ಸ್‌ಪೆಕ್ಟರ್ ಅಂತೆ! ಯಾವುದರ ಇನ್ಸ್‌ಪೆಕ್ಟರೋ ಹುಡುಗಾ ನೀನು?”

“ಲಿಫ್ಟಿನ...” ಎಂದ ಅರವತ್ಮೂರರ ಹುಡುಗ. ಅವನ ಮುಖ ಕೆಂಪಾಗಿತ್ತು. ಒಂದು ಗಂಟೆ! ಆಕೆಯೊಡನೆ ಬಾಯಿ ತುಂಬ ಮಾತಾಡಬಹುದಾಗಿದ್ದ ಇಡೀ ಒಂದು ಗಂಟೆಯನ್ನು ತನ್ನ ಕೈಯಾರೆ ಹಾಳು ಮಾಡಿಕೊಂಡಿದ್ದ. ಈಗ ಉಳಿದಿರುವುದು ಹತ್ತು ನಿಮಿಷ. ಎದ್ದು ಆಕೆಯ ಕಡೆ ತಿರುಗಿದ. ಬೆಳಗ್ಗೆಯಿಂದ ಉರು ಹೊಡೆದ ಮಾತು ಒಂದಕ್ಷರವೂ ನೆನಪಾಗಲಿಲ್ಲ. ಕೆಲಸದಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು ತಾನಾಗಿ ಬಾಯಿಗೆ ಬಂತು.

“ಎಷ್ಟನೇ ಮಹಡಿ?”

ಆಕೆ ನಕ್ಕಳು. ಹೊಟ್ಟೆಯಿಂದ ಬಂದ ನಗು, ಒಂಬತ್ತು ವರ್ಷ ಕೂಡಿಟ್ಟದ್ದು. ಕಣ್ಣೊರೆಸಿಕೊಂಡು, “ಹದಿನಾಲ್ಕು. ಇವತ್ತೇ ಕೊನೆ,” ಎಂದಳು. ಆಮೇಲೆ, “ರೀ, ನಿಮಗೆ ಮಾತು ಬರಲ್ಲ ಅಂದ್ಕೊಂಡಿದ್ದೆ ಕಣ್ರೀ ನಾನು! ಬರೀ ಚೀಟಿ ಕೊಡ್ತೀರಿ, ತಲೆ ಆಡಿಸ್ತೀರಿ. ಪಾಪ ಮೂಗ, ಅದಕ್ಕೇ ಬೇರೆಯವರು ಮಾತಾಡಿದ್ರೆ ಹೊಟ್ಟೆಯುರಿ ಅಂತ...”

ಬೋಗಿಗೆ ಬೋಗಿಯೇ ಗೊಳ್ಳೆಂದಿತು. ಆಕೆ ನಗಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು.

“ಮೂರು ವಾರದಿಂದ ಕೈಸನ್ನೆ ಕಲೀತಾ ಇದ್ದೀನಿ. ರಾತ್ರಿ ಊಟ ಆದ್ಮೇಲೆ ಫೋನಲ್ಲಿ ನೋಡ್ಕೊಂಡು. ಇವತ್ತು ಇಳಿಯೋ ಮುಂಚೆ ನಿಮಗೊಂದು ಮಾತು ಹೇಳ್ಬೇಕು ಅಂತ.”

ಗದ್ದಲ ನಿಂತಿತು. ಈ ಸಲ ಯಾರೂ ಚೀಟಿ ಕೊಟ್ಟಿರಲಿಲ್ಲ.

“ತೋರಿಸಿ,” ಎಂದ ಲೆಸ್ಟರ್.

ಆಕೆ ಬೆರಳ ತುದಿಗಳನ್ನು ಗದ್ದಕ್ಕೆ ಮುಟ್ಟಿಸಿ ಕೈಯನ್ನು ಅವನ ಕಡೆ ಚಾಚಿದಳು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚಿ, ನಡುವೆ ತಪ್ಪಿ, ನಾಲಿಗೆ ಕಚ್ಚಿ, ಮತ್ತೆ ಮೊದಲಿನಿಂದ ಅಕ್ಷರ ಅಕ್ಷರವಾಗಿ ಏನೋ ಬರೆದಳು. ಲೆಸ್ಟರ್‌ಗೆ ಒಂದೂ ತಿಳಿಯಲಿಲ್ಲ.

“ಮೊದಲ್ನೇದು ಥ್ಯಾಂಕ್ಸು. ಆಮೇಲಿಂದು ನನ್ನ ಹೆಸರು. ವರ್ನೆಟಾ. ವರ್ನೆಟಾ ಕ್ರಂಪ್.”

“ಅಯ್ಯೋ ದೇವರೇ,” ಎಂದು ಫಿಲೊಮಿನಾ ಗ್ರಾಬೋ ಕರವಸ್ತ್ರ ಹುಡುಕಿದಳು. “ನಮ್ಮ ನಾಟಕದಲ್ಲಿ ಇಷ್ಟು ಚೆನ್ನಾಗಿರತ್ತೋ ಇಲ್ವೋ. ಏ ಹುಡುಗಾ, ಬಾಯಿಗೇನು ಹೊಲಿಗೆ ಹಾಕಿದೆಯಾ? ನಿನ್ನ ಹೆಸರು ಹೇಳೋ!”

“ಲೆಸ್ಟರ್,” ಎಂದ ಲೆಸ್ಟರ್.

“ಗೊತ್ತು. ಬಿಲ್ಲೆ ಮೇಲಿದೆ,” ಎಂದಳು ವರ್ನೆಟಾ.

ಅಲ್ಲಿಂದ ನ್ಯೂಯಾರ್ಕಿನವರೆಗೆ ಅವಳೇ ಮಾತಾಡಿದಳು. ಲೆಸ್ಟರ್ ಮನಸ್ಸಿನಲ್ಲಿ ಆಕೆಗೆ ಕೊಟ್ಟಿದ್ದ ದನಿ ಮೆತ್ತಗಿತ್ತು, ಮಾತು ಕಡಿಮೆ ಇತ್ತು. ನಿಜವಾದ ವರ್ನೆಟಾಗೆ ಒಂದು ಬೋಗಿ ಸಾಲುತ್ತಿರಲಿಲ್ಲ. ಮೊಮ್ಮಕ್ಕಳು, ಹಲ್ಲುನೋವು, ಕೆಳಗಿನ ಮನೆಯವನ ಡೋಲು, ಉಣ್ಣೆಯ ಅಂಗಡಿಯವಳ ಮೋಸ. ಬೇರೆ ಯಾರಾಗಿದ್ದರೂ ಇಷ್ಟು ಹೊತ್ತಿಗೆ ಮೂರು ಚೀಟಿ ಸಿಕ್ಕಿರುತ್ತಿತ್ತು. ಲೆಸ್ಟರ್ ನಡುದಾರಿಯಲ್ಲಿ ಮಂಡಿಯೂರಿ ಉಣ್ಣೆ ಸುತ್ತುತ್ತಾ ಕೇಳುತ್ತಿದ್ದ.

ರೈಲು ನಿಂತಿತು. ಹೆಂಗಸರು ಅವನ ಬೆನ್ನಿಗೆ ಒಬ್ಬೊಬ್ಬರೂ ಒಂದೊಂದು ಗುದ್ದು ಕೊಟ್ಟು ಇಳಿದರು. ಪ್ಲಾಟ್‌ಫಾರ್ಮಿನಲ್ಲಿ ಜನ ಎರಡು ಪಕ್ಕಕ್ಕೂ ಹರಿಯುತ್ತಿದ್ದರು. ವರ್ನೆಟಾ ತಟ್ಟನೆ ಬಾಯಿ ಮುಚ್ಚಿದಳು.

“ತುಂಬಾ ಆಯ್ತು, ಅಲ್ವಾ? ಇಪ್ಪತ್ತೇಳು ವರ್ಷದಿಂದ ದೂರು ಕೇಳೋ ಫೋನಿನ ಕೆಲಸ ನಂದು. ಬೆಳಗ್ಗೆಯಿಂದ ಸಂಜೆವರೆಗೂ ಕಿವಿಗೆ ಯಂತ್ರ ಹಾಕ್ಕೊಂಡು ಊರಿನವರ ಬೈಗುಳ ಕೇಳ್ಬೇಕು. ಕಿವಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಅಂತ ಆ ಬೋಗಿ ಹಿಡೀತಿದ್ದೆ. ಈಗ ನೀವು ಮಾತಾಡಿ. ನಾನು ಸುಮ್ಮನಿರ್ತೀನಿ.”

ಲೆಸ್ಟರ್ ಯೋಚಿಸಿದ. ಹೇಳುವುದಕ್ಕೆ ಅವನ ಬಳಿ ಒಂಬತ್ತು ವರ್ಷದ ಮಾತಿತ್ತು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

“ನೀವೇ ಹೇಳಿ ವರ್ನೆಟಾ,” ಎಂದ. “ನಾನು ಕೇಳ್ತಾ ಇದ್ದೀನಿ.”

ಆಕೆ ಬಿಟ್ಟ ಕಣ್ಣು ಬಿಟ್ಟಂತೆ ಅವನನ್ನು ನೋಡಿದಳು. “ದಿನಕ್ಕೆ ಎಂಬತ್ತು ಸಲ ಫೋನಲ್ಲಿ ಇದೇ ಮಾತನ್ನ ನಾನು ಹೇಳ್ತಿದ್ದೆ,” ಎಂದಳು ಮೆಲ್ಲಗೆ. “ನನಗೆ ಯಾರೂ ಹೇಳಿರ್ಲಿಲ್ಲ.”

ಮೆಟ್ಟಿಲ ಪಕ್ಕದ ಕಾಫಿ ಅಂಗಡಿಯ ಮುಂದೆ ಇಬ್ಬರೂ ನಿಂತರು. ಉಣ್ಣೆಯ ಅಂಗಡಿಯವಳ ಮೋಸ ಇನ್ನೂ ಅರ್ಧ ಬಾಕಿ ಇತ್ತು. ಆ ದಿನ ವರ್ನೆಟಾ ಕ್ರಂಪ್ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ಒಂದೂವರೆ ಗಂಟೆ ತಡವಾಗಿ ಹೋದಳು.