ಪಕ್ಕದ ಕೋಣೆಯ ಪಾಠ

ಅವನನ್ನು ಹಿಂದಿನಿಂದ ಎಲ್ಲರೂ ಟೇಬಲ್ ಸರ್ ಅನ್ನುತ್ತಿದ್ದರು, ಎದುರಿಗೆ ಬರೀ ಸರ್. ಕೆಲಸಕ್ಕೆ ಹೋಗುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ಒಂದು ಸಂಸ್ಥೆಯಲ್ಲಿ ಅವನು ನಾಲ್ಕು ವರ್ಷದಿಂದ ವ್ಯಾಕರಣದ ಮೇಷ್ಟ್ರು. ಯಾವ ವಿಷಯ ಕೊಟ್ಟರೂ ಸರಿ, ಬೋರ್ಡಿನ ಮೇಲೆ ಉದ್ದಗೆರೆ ಅಡ್ಡಗೆರೆ ಎಳೆದು ಮನೆ ಕಟ್ಟಿ, ಒಂದೊಂದು ಮನೆಗೆ ಒಂದೊಂದು ನಿಯಮವನ್ನು ಬಾಡಿಗೆಗೆ ಕೂರಿಸಿಬಿಡುತ್ತಿದ್ದ. ಮದುವೆ ಯಾವಾಗ ಎಂದು ಅಕ್ಕ ಕೇಳಿದಾಗಲೂ ಒಂದು ಹಾಳೆ ತೆಗೆದು ಗೆರೆ ಎಳೆದಿದ್ದನಂತೆ. ಆ ಟೇಬಲ್ಲಿನ ಮನೆಗಳು ಇನ್ನೂ ಖಾಲಿಯೇ ಇವೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ತನ್ನನ್ನು ಆಡಿಕೊಳ್ಳುವ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟುಕೊಡುವವನಲ್ಲ.

ಸಂಸ್ಥೆ ಇದ್ದದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಯಜಮಾನರು ಮೊದಲು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದವರು. ಮೇಜುಗಳ ಮೇಲೆ ಟೈಪ್‌ರೈಟರಿನ ನಾಲ್ಕು ಕಾಲಿನ ಗುರುತು ಇನ್ನೂ ಹಾಗೇ ಇತ್ತು. ಕಂಪ್ಯೂಟರು ಬಂದ ಮೇಲೆ ಅವರು ಯಂತ್ರಗಳನ್ನು ಮಾರಿ, ದೊಡ್ಡ ಕೋಣೆಯ ನಡುವೆ ಒಂದು ಪ್ಲೈವುಡ್ ಗೋಡೆ ನಿಲ್ಲಿಸಿ, ಎರಡು ತರಗತಿ ಮಾಡಿಕೊಂಡಿದ್ದರು. ಗೋಡೆ ಚಾವಣಿಗೆ ಮುಟ್ಟುತ್ತಿರಲಿಲ್ಲ. ಈಚೆ ಕೆಮ್ಮಿದರೆ ಆಚೆಯವರು ನೀರು ಕೊಡಬೇಕು, ಅಷ್ಟು ಸಲೀಸು.

ಟೇಬಲ್ ಸರ್‌ನ ಹೆಮ್ಮೆಯ ಪಾಠ ಒಂದಿತ್ತು. ವಿಲ್, ಕ್ಯಾನ್, ಮೇ, ಮಸ್ಟ್ ಅನ್ನುವ ಇಂಗ್ಲಿಷಿನ ಪುಟ್ಟ ಪುಟ್ಟ ಪದಗಳು ದೊಡ್ಡ ವಾಕ್ಯದ ಹೊಟ್ಟೆಯೊಳಗೆ ಕೂತ ಚಿಕ್ಕ ವಾಕ್ಯಕ್ಕೆ ಹೋದಾಗ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು. ಇದಕ್ಕೆ ಅವನ ಹತ್ತಿರ ಇಪ್ಪತ್ತನಾಲ್ಕು ಮನೆಯ ಟೇಬಲ್ ಇತ್ತು. ಅದನ್ನು ಬರೆದು ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನ ಔಷಧಿ ಅಂಗಡಿಯವರು ಕಣ್ಣು ತೆರೆದುಕೊಂಡೇ ಒಂದು ನಿದ್ದೆ ಮುಗಿಸಿರುತ್ತಿದ್ದರು. ಆದರೂ ನಾಲ್ಕು ವರ್ಷ ನಡೆಯಿತು. ಆಚೆ ಕೋಣೆಗೆ ಬಂದು ಹೋದ ಮೇಷ್ಟ್ರುಗಳು ಯಾರೂ ಈ ಪಾಠ ಮುಟ್ಟುತ್ತಿರಲಿಲ್ಲ, ಹೋಲಿಸಿ ನೋಡಲು ಇನ್ನೊಂದು ಇರಲಿಲ್ಲ.

ಆಮೇಲೆ ಅವಳು ಬಂದಳು. ಆರು ವರ್ಷ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತು ಬಂದವಳು. ಯಜಮಾನರು ಆಚೆ ಕೋಣೆ ಕೊಟ್ಟರು, ಎಲ್ಲರ ಬಾಯಲ್ಲೂ ‘ಆಚೆ ಮೇಡಮ್’ ಆದಳು. ಮೊದಲ ದಿನವೇ ಗೋಡೆಯ ಮೇಲಿಂದ ಅವಳ ದನಿ ಹಾರಿ ಬಂತು.

“ನೋಡಿ, ಡಾಕ್ಟರು ಎದುರಿಗೆ ನಿಂತು ‘ಐ ವಿಲ್ ಕಮ್’ ಅಂದ್ರು. ಬಿಸಿ ಬಿಸಿ ಮಾತು. ಅದನ್ನ ಹೊತ್ಕೊಂಡು ನೀವು ಮೂರು ಮಹಡಿ ಹತ್ತಿ ಪೇಶೆಂಟಿಗೆ ಹೇಳೋ ಹೊತ್ತಿಗೆ ಆರಿರುತ್ತೆ. ಹಿ ಸೆಡ್ ಹಿ ವುಡ್ ಕಮ್. ವಿಲ್ ಆರಿದ್ರೆ ವುಡ್, ಕ್ಯಾನ್ ಆರಿದ್ರೆ ಕುಡ್, ಮೇ ಆರಿದ್ರೆ ಮೈಟ್. ನಮ್ಮಲ್ಲಿ ಈ ತಾಪತ್ರಯ ಇಲ್ಲ. ‘ಬರ್ತೀನಿ ಅಂತ ಹೇಳಿದ್ರು’ ಅಂತೀವಿ. ಆ ‘ಅಂತ’ ಇದೆಯಲ್ಲ, ಅದು ಮುಚ್ಚಳ. ಮುಚ್ಚಿ ತಂದ್ರೆ ಬಿಸಿ ಆರಲ್ಲ. ಇಂಗ್ಲಿಷಿನವರಿಗೆ ಪಾಪ, ಮುಚ್ಚಳ ಇಲ್ಲ!”

ಆಚೆ ಕೋಣೆ ಗೊಳ್ಳೆಂದು ನಕ್ಕಿತು. ಈಚೆ ಟೇಬಲ್ ಸರ್ ಹದಿನೇಳನೇ ಮನೆ ತುಂಬುತ್ತಿದ್ದ. ಸೀಮೆಸುಣ್ಣ ಕೈಯಲ್ಲೇ ಮುರಿಯಿತು. ಹಿಂದಿನ ಬೆಂಚಿನಲ್ಲಿ ಔಷಧಿ ಅಂಗಡಿಯವರು ನಗುತ್ತಿದ್ದರು, ಎಚ್ಚರವಾಗಿ.

ಅವತ್ತಿನಿಂದ ಅವನ ಕಿವಿ ಅವನ ಮಾತು ಕೇಳದಾಯಿತು. ತನ್ನ ಪಾಠ ಶುರು ಮಾಡಿದ ಹತ್ತು ನಿಮಿಷಕ್ಕೆ “ಈಗ ಅಭ್ಯಾಸ, ಬರೀರಿ” ಅನ್ನುತ್ತಿದ್ದ. ಎಲ್ಲರೂ ತಲೆ ಬಗ್ಗಿಸಿದರೆ ಕುರ್ಚಿಯನ್ನು ಗೋಡೆಗೆ ಒತ್ತಿಸಿಕೊಂಡು ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಅವಳ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದ. ದಿನಾಂಕ, ಸಮಯ, ತಪ್ಪು, ಸರಿ, ಹೀಗೆ ನಾಲ್ಕು ಕಾಲಂ. ಎರಡು ತಿಂಗಳಲ್ಲಿ ಇಪ್ಪತ್ತೇಳು ತಪ್ಪು ಸಿಕ್ಕವು. ಅದರಲ್ಲಿ ಒಂಬತ್ತು, ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದರೆ, ತಪ್ಪೇ ಆಗಿರಲಿಲ್ಲ. ಅವನ್ನು ಹೊಡೆದುಹಾಕುವಾಗ ಅವನಿಗೆ ಸ್ವಂತ ಹಲ್ಲು ಕೀಳಿಸಿಕೊಂಡಷ್ಟು ನೋವಾಗುತ್ತಿತ್ತು.

ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಲಾಂಡ್ರಿಯೊಂದರಲ್ಲಿ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುವ ಕೆಲಸದವಳು. ಭಾವ ಬಸ್ ಡಿಪೋದಲ್ಲಿ.

“ಇವತ್ತು ಏನಂದ್ಲು ಗೊತ್ತಾ?” ಎಂದು ಅವನು ತಟ್ಟೆ ಮುಂದೆ ಕೂತ.

“ಯಾರು, ನಿನ್ನ ಆಚೆ ಮೇಡಮ್ಮಾ?” ಅಕ್ಕ ಪಲ್ಯ ಬಡಿಸಿದಳು. “ಎರಡು ತಿಂಗಳಿಂದ ನಮ್ಮನೇಲಿ ಬೇರೆ ಸುದ್ದೀನೇ ಇಲ್ಲ. ಲೋ, ನಿಜ ಹೇಳು, ಇಷ್ಟಪಟ್ಟಿದೀಯಾ?”

“ಇಷ್ಟಾನೂ ಇಲ್ಲ, ಕಷ್ಟಾನೂ ಇಲ್ಲ. ಹೊಟ್ಟೆಕಿಚ್ಚು ಅಕ್ಕಾ, ಅಪ್ಪಟ ಹೊಟ್ಟೆಕಿಚ್ಚು.”

“ಸದ್ಯ! ಗ್ಯಾಸ್ ಮುಗಿಯೋದ್ರಲ್ಲಿತ್ತು. ನಾಳೆಯಿಂದ ಪಾತ್ರೆ ನಿನ್ನ ಹೊಟ್ಟೆ ಮೇಲೇ ಇಡ್ತೀನಿ.”

“ಅನ್ನ ಸೀದು ಹೋದೀತು ಕಣೇ,” ಎಂದ ಭಾವ, ಮೊಬೈಲಿನಿಂದ ತಲೆ ಎತ್ತದೆ. “ಉರಿ ಜೋರಾಗಿದೆ.”

ಟೇಬಲ್ ಸರ್ ಕೂಡ ನಕ್ಕ. ನಕ್ಕರೂ ಅನ್ನ ಇಳಿಯಲಿಲ್ಲ.

ಮರುವಾರ ಯಜಮಾನರು ಇಬ್ಬರನ್ನೂ ಕರೆದು, ಒಂದು ಕೋಣೆಯನ್ನು ಜೆರಾಕ್ಸ್ ಅಂಗಡಿಗೆ ಬಿಡುತ್ತಿದ್ದೇನೆ ಎಂದರು. “ಇನ್ಮೇಲೆ ಸಂಜೆ ಒಂದೇ ಬ್ಯಾಚು. ಒಬ್ಬರು ಪಾಠ ಮಾಡೋದು, ಇನ್ನೊಬ್ಬರು ಹಿಂದಿನ ರೂಮಲ್ಲಿ ಕೂತು ಪೇಪರ್ ತಿದ್ದೋದು. ಸಂಬಳದಲ್ಲಿ ವ್ಯತ್ಯಾಸ ಇಲ್ಲ. ಯಾರು ಏನು ಅಂತ ಶನಿವಾರ ಗೊತ್ತಾಗುತ್ತೆ.”

ಶನಿವಾರ ಅಂದರೆ ಆ ಸಂಸ್ಥೆಯ ಹಳೆಯ ಪದ್ಧತಿ. ಮೂರು ತಿಂಗಳಿಗೊಮ್ಮೆ ಹೊಸಬರು ಬಂದು ಅರ್ಧ ಗಂಟೆ ಈ ಕೋಣೆಯಲ್ಲಿ, ಅರ್ಧ ಗಂಟೆ ಆ ಕೋಣೆಯಲ್ಲಿ ಕೂತು ಕೇಳಿ, ಬಾಗಿಲಿಗೆ ಅಂಟಿಸಿದ ಎರಡು ಹಾಳೆಗಳಲ್ಲಿ ತಮಗೆ ಬೇಕಾದವರ ಹಾಳೆಗೆ ಹೆಸರು ಬರೆಯುತ್ತಾರೆ. ಇಷ್ಟು ದಿನ ಅದೊಂದು ತಮಾಷೆಯಾಗಿತ್ತು. ಈಗ ಟೇಬಲ್ ಸರ್‌ಗೆ ಬೋರ್ಡು ಉಳಿಯುತ್ತದೋ ಇಲ್ಲವೋ ಅನ್ನುವುದು ಅದರ ಮೇಲೆ ನಿಂತಿತು. ಬೋರ್ಡಿನ ಮುಂದೆ ನಿಂತಾಗ ಮಾತ್ರ ಅವನು ಯಾರೋ ಒಬ್ಬ ಮನುಷ್ಯ. ಉಳಿದ ಹೊತ್ತು ಅಕ್ಕನ ಮನೆಯ ಹಾಲಿನಲ್ಲಿ ಹಾಸಿಗೆ ಮಡಿಸುವವನು.

ಅವಳು ಹೋದ ಮೇಲೆ ಅವನು ನೀಲಿ ನೋಟ್‌ಬುಕ್ಕನ್ನು ಯಜಮಾನರ ಮೇಜಿನ ಮೇಲಿಟ್ಟ. “ಹದಿನೆಂಟು ತಪ್ಪು ಸರ್. ಇಂಥವರ ಕೈಗೆ ಬ್ಯಾಚು ಕೊಟ್ರೆ ನಮ್ಮ ಹೆಸರು ಏನಾಗಬೇಕು?”

ಯಜಮಾನರು ಕನ್ನಡಕ ಏರಿಸಿ ಪುಟ ತಿರುಗಿಸಿದರು. “ಅಕ್ಷರ ದುಂಡಗಿದೆ. ಸೋಮವಾರ ಆರೂ ಹತ್ತಕ್ಕೆ ಒಂದು. ಆರೂ ಇಪ್ಪತ್ತಕ್ಕೆ ಒಂದು. ಆರೂವರೆಗೆ ಎರಡು. ಅಲ್ಲಪ್ಪಾ, ನಿನ್ನ ಪಾಠ ಇರೋದೂ ಆರು ಗಂಟೆಗೇ ಅಲ್ವಾ?”

ಅವನು ನೋಟ್‌ಬುಕ್ ಎತ್ತಿಕೊಂಡು ಬಂದ. ಬಚ್ಚಲಿನ ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡ.

ಶನಿವಾರ ಇಪ್ಪತ್ತಮೂರು ಜನ ಬಂದರು. ಮೊದಲ ಅರ್ಧ ಗಂಟೆ ಅವನದು. ಇಪ್ಪತ್ತನಾಲ್ಕು ಮನೆಯ ಟೇಬಲ್ಲನ್ನು ಮೊದಲೇ ಗೆರೆ ಎಳೆದು ಇಟ್ಟಿದ್ದ, ಮೂರು ಬಣ್ಣದಲ್ಲಿ. ಐದನೇ ಮನೆಗೆ ಬರುವಷ್ಟರಲ್ಲಿ ಒಬ್ಬಾಕೆ ಕೈಚೀಲದಲ್ಲಿ ಏನೋ ಹುಡುಕತೊಡಗಿದಳು. ಹತ್ತನೇ ಮನೆಗೆ ಮೂವರು ಕಿಟಕಿಯಾಚೆ ನೋಡುತ್ತಿದ್ದರು. ಆಗ ಲಿಫ್ಟ್ ರಿಪೇರಿ ಮಾಡುವವನೊಬ್ಬ ಕೈ ಎತ್ತಿದ.

“ಸರ್, ಒಂದು ಡೌಟು. ಬಿಲ್ಡಿಂಗ್ ಮ್ಯಾನೇಜರಿಗೆ ಮೇಲ್ ಹಾಕ್ಬೇಕು. ಪಾರ್ಟು ಮಂಗಳವಾರ ಬರುತ್ತೆ ಅಂತ ಅಂಗಡಿಯವರು ಹೇಳಿದ್ರು, ಬರ್ಲಿಲ್ಲ ಅಂತ. ವಿಲ್ ಹಾಕ್ಲೋ ವುಡ್ ಹಾಕ್ಲೋ?”

ಉತ್ತರ ಹದಿಮೂರನೇ ಮನೆಯಲ್ಲಿತ್ತು. ಟೇಬಲ್ ಸರ್ ಕೋಲಿನಿಂದ ತೋರಿಸಲು ಹೊರಟ. ಬಾಯಿ ಬೇರೆಯದನ್ನೇ ಆಡಿತು.

“ಅಂಗಡಿಯವನು ಹೇಳಿದಾಗ ಮಾತು ಬಿಸಿ ಇತ್ತು. ನೀನು ಮ್ಯಾನೇಜರ್ ಹತ್ರ ಹೊತ್ಕೊಂಡು ಹೋಗೋ ಹೊತ್ತಿಗೆ?”

“ಆರಿ ಹೋಗಿತ್ತು ಸರ್. ಮ್ಯಾನೇಜರ್ ಮಾತ್ರ ಬಿಸಿ ಆಗಿದ್ರು.”

ಕೋಣೆ ನಕ್ಕಿತು. ಅವನ ಮೈಯಲ್ಲಿ ಏನೋ ಹರಿದಾಡಿತು. ನಾಲ್ಕು ವರ್ಷದಲ್ಲಿ ಅವನ ಕೋಣೆ ಹಾಗೆ ನಕ್ಕಿರಲಿಲ್ಲ. ಕೋಲು ಕೆಳಗಿಟ್ಟ. ಮುಂದಿನದೆಲ್ಲ ತಾನಾಗಿ ಬಂತು: ವಿಲ್ ಆರಿ ವುಡ್, ಕ್ಯಾನ್ ಆರಿ ಕುಡ್, ‘ಅಂತ’ ಅನ್ನುವ ಮುಚ್ಚಳ. ಅವಳು ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲೇ ನಿಲ್ಲಿಸಿದ. ಇಬ್ಬರಿಬ್ಬರನ್ನು ಎಬ್ಬಿಸಿ, ಒಬ್ಬನ ಮಾತನ್ನು ಇನ್ನೊಬ್ಬನ ಕೈಲಿ ಕೋಣೆಯ ಆ ತುದಿಗೆ ಹೊರಿಸಿ ಕಳಿಸಿದ. ಕೈಚೀಲದಾಕೆ ಪೆನ್ನು ಹುಡುಕಿ ಬರೆದುಕೊಳ್ಳುತ್ತಿದ್ದಳು. ಗೋಡೆಯ ಆಚೆ ಕುರ್ಚಿ ಎಳೆದ ಸದ್ದೂ ಇರಲಿಲ್ಲ.

ಅರ್ಧ ಗಂಟೆ ಮುಗಿದು ಎಲ್ಲರೂ ಆಚೆ ಹೋದರು. ಖಾಲಿ ಕೋಣೆಯಲ್ಲಿ ಅವನು ಕುರ್ಚಿಯನ್ನು ಗೋಡೆಗೆ ಒತ್ತಿಸಿಕೊಂಡು ಕೇಳಿಸಿಕೊಂಡ.

“ನೋಡಿ, ಡಾಕ್ಟರು ಎದುರಿಗೆ ನಿಂತು...” ಎಂದು ಅವಳು ಶುರು ಮಾಡಿದಳು. ಅವಳ ಹತ್ತಿರ ಬೇರೆ ಪಾಠ ತಯಾರಿರಲಿಲ್ಲ.

“ಮೇಡಮ್, ಇದು ಆರೋ ಕಥೆ ಅಲ್ವಾ?” ಲಿಫ್ಟಿನವನ ದನಿ. “ಆ ಸರ್ ಆಗ್ಲೇ ಹೇಳಿದ್ರು.”

“ಮುಚ್ಚಳಾನೂ ಹೇಳಿದ್ರು,” ಎಂದಿತು ಇನ್ನೊಂದು ದನಿ.

ಅವಳು ಪುಸ್ತಕ ತೆಗೆಸಿ ಯಾವುದೋ ಪುಟ ಓದಿಸಿದಳು. ಹದಿನೈದು ಜನ ಅವನ ಹಾಳೆಗೆ, ಎಂಟು ಜನ ಅವಳ ಹಾಳೆಗೆ ಬರೆದರು.

ಗೆದ್ದಿದ್ದ. ಮನೆಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡ. ಅಕ್ಕ ಹಣೆ ಮುಟ್ಟಿ ನೋಡಿದಳು.

ಸೋಮವಾರ ಬ್ಯಾಚು ಶುರುವಾಯಿತು. ಮೆಟ್ಟಿಲ ಮೇಲೇ ಲಿಫ್ಟಿನವನು ಸಿಕ್ಕು, “ಆರೋ ಪಾಠ ಸೂಪರ್ ಸರ್, ಮನೇಲಿ ಹೆಂಡತಿಗೂ ಹೇಳ್ದೆ,” ಎಂದ. ಟೇಬಲ್ ಸರ್‌ಗೆ ಎದೆ ಉಬ್ಬಬೇಕಿತ್ತು, ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ತಪ್ಪಿಸಿಕೊಂಡ. ಕೈಚೀಲದಾಕೆ, “ಅಂಥಾ ಉದಾಹರಣೆ ನಿಮ್ಗೆ ಹೇಗೆ ಹೊಳೆಯುತ್ತೆ?” ಎಂದಳು. ಅವನು ಆಗಲೇ ಒರೆಸಿದ್ದ ಬೋರ್ಡನ್ನು ಇನ್ನೊಮ್ಮೆ ಒರೆಸಿದ. ಮಂಗಳವಾರ ಔಷಧಿ ಅಂಗಡಿಯವರು ಲಿಫ್ಟಿನವನಿಂದ ಶನಿವಾರದ ಸುದ್ದಿ ಕೇಳಿ ಕೈ ಕುಲುಕಿದರು. ಅವರಿಗಾದರೂ ಗೊತ್ತಿರಬೇಕು ಎಂದುಕೊಂಡಿದ್ದ. ಪಾಪ, ಯಾವುದು ಯಾವ ಕೋಣೆಯಿಂದ ಬಂದದ್ದು ಎಂಬ ಲೆಕ್ಕ ಅವರು ಯಾವತ್ತೂ ಇಟ್ಟವರಲ್ಲ. ಹೊಗಳಿಕೆಯೆಲ್ಲ ಇವನ ಕಿವಿಗೆ ಬೀಳುತ್ತಿತ್ತು, ಸೇರಬೇಕಾದದ್ದು ಅವಳಿಗೆ. ಅವಳು ಹಿಂದಿನ ರೂಮಿನಲ್ಲಿ ಬಾಯಿ ಮುಚ್ಚಿ ಕೂತೂ ದಿನಕ್ಕೆ ಮೂರು ಸಲ ಗೆಲ್ಲುತ್ತಿದ್ದಳು. ಸೋತಾಗ ಇದರ ಅರ್ಧದಷ್ಟೂ ಉರಿದಿರಲಿಲ್ಲ.

ಬುಧವಾರ ತಡೆಯಲಿಲ್ಲ. ತರಗತಿಗೆ ಮುಂಚೆ ಯಜಮಾನರ ಮುಂದೆ ನಿಂತ.

“ಸರ್, ಶನಿವಾರದ ಪಾಠ ನಂದಲ್ಲ. ಆಯಮ್ಮಂದು. ಅಕ್ಷರಕ್ಕೆ ಅಕ್ಷರ.”

“ಗೊತ್ತು. ನನಗೂ ಎರಡು ಕಿವಿ ಇವೆ, ನನ್ನ ಮೇಜಿಗೂ ಆ ಗೋಡೆ ಅಡ್ಡ ಇಲ್ಲ.”

“ಮತ್ತೆ ಯಾಕೆ ಸುಮ್ನಿದ್ರಿ?”

“ನೀನು ಹೇಳ್ತೀಯೋ ಇಲ್ವೋ ನೋಡೋಣ ಅಂತ. ನಾಲ್ಕು ದಿನ ಬೇಕಾಯ್ತು. ಹೋಗು, ಇನ್ಮೇಲೆ ಬ್ಯಾಚು ನಿಮ್ದು ಅಂತ ನೀನೇ ಅವಳಿಗೆ ಹೇಳಿ ಬಾ.”

ಹಿಂದಿನ ರೂಮಿನಲ್ಲಿ ಒಂದು ಮೇಜು, ಹೊಲಿಗೆ ಬಿಟ್ಟ ಕುರ್ಚಿ, ಉತ್ತರ ಪತ್ರಿಕೆಯ ಮೂರು ಕಟ್ಟು. ಅವಳು ಕೆಂಪು ಪೆನ್ನು ಹಿಡಿದು ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದ. ಕದ್ದದ್ದು, ಒಪ್ಪಿಕೊಂಡದ್ದು, ಬ್ಯಾಚು ಅವಳದ್ದಾದದ್ದು.

ಅವಳು ಪೆನ್ನಿನ ಮುಚ್ಚಳ ಹಾಕಿದಳು. “ನಾನು ಬೈಯಬೇಕು ಅಂತಾನೇ ಇದ್ದೆ. ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ.”

“ಬೈಯಿರಿ.”

“ಬೈಯೋಣ ಅಂದ್ರೆ, ಒಂದು ಕಡೆ ಸಿಕ್ಕಿಹಾಕ್ಕೊಳ್ತೀನಿ. ಮಾತನ್ನ ಕೋಣೆಯ ಆ ತುದಿಗೆ ಹೊರಿಸಿ ಕಳಿಸಿದ್ರಲ್ಲ, ನಾನು ಕೂತಲ್ಲೇ ಹೇಳಿಸ್ತಿದ್ದೆ. ಅಷ್ಟು ಸುಲಭದ್ದು ನನಗೆ ಯಾಕೆ ಹೊಳೀಲಿಲ್ಲ? ಗೋಡೆ ಈಚೆ ಕೂತು ಕೇಳ್ತಾ ಕೇಳ್ತಾ ನನ್ನ ಹೊಟ್ಟೆ ಹೆಂಗೆ ಉರೀತು ಗೊತ್ತಾ?”

ಟೇಬಲ್ ಸರ್ ಬಾಗಿಲು ಬಿಟ್ಟು ಒಳಗೆ ಬಂದ. ಅವನ ಮುಖ ನೋಡಬೇಕಿತ್ತು.

“ಉರೀತಾ?”

“ಉರೀತು.”

“ಸ್ವಲ್ಪಾನೋ, ಜಾಸ್ತೀನೋ?”

“ಭಾನುವಾರ ಪೂರ್ತಿ ಊಟ ಸೇರಲಿಲ್ಲ.”

ಆರರ ಗಂಟೆ ಹೊಡೆಯಿತು. ಅವಳು ಎದ್ದು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡಳು. ಅವನು ಅವಳ ಕುರ್ಚಿಯಲ್ಲಿ ಕೂತು, ಮೊದಲ ಕಟ್ಟಿನ ದಾರ ಬಿಚ್ಚುತ್ತ, “ತರಗತಿ ಮುಗಿಸ್ಕೊಂಡು ಬನ್ನಿ,” ಎಂದ. “ಭಾನುವಾರದ್ದು ಬೆಳಿಗ್ಗೆಯಿಂದ ಹೇಳ್ಬೇಕು. ಏನೂ ಬಿಡಬಾರದು.”