ಮೆಡಿಟರೇನಿಯನ್ ಕಡಲಲ್ಲಿ ತೇಲಿದ ನನ್ನ ಪಂಚೆ

ಗೆಳೆಯರೇ, ಕೆನಡಾದ ಮಿಸಿಸಾಗದಿಂದ ಸೈಪ್ರಸ್ ದ್ವೀಪದ ಲಿಮಾಸೋಲ್ ಬೀಚಿಗೆ ಬಂದರೆ, ಮೊಮ್ಮಗಳು ನೀರಿಗಿಳಿಯಲು ಹೆದರಿ ಅಳುತ್ತಿದ್ದಾಳೆ. ಅವಳ ಗಾಳಿ ಟ್ಯೂಬನ್ನು ಮಗಳು-ಅಳಿಯ ಮನೆಯಲ್ಲೇ ಮರೆತು ಬಂದಿದ್ದಾರೆ. ನಾನು ನೀರಿಗಿಳಿದು ಪಂಚೆ ಬಿಚ್ಚಿದೆ.

"ಮಾವ, ಪ್ಲೀಸ್, ಇಲ್ಲಿ ಬೇಡ! ಎಲ್ಲಾ ನೋಡ್ತಿದಾರೆ!" ಅಳಿಯ ಮುಖ ಮುಚ್ಚಿಕೊಂಡ.

"ನೋಡ್ಲಿ ಬಿಡಪ್ಪ, ಕಲ್ತ್ಕೊಳ್ತಾರೆ."

ಒದ್ದೆ ಪಂಚೆಯನ್ನು ನೀರಿನ ಮೇಲೆ ಬೀಸಿ, ಗಾಳಿ ತುಂಬಿಸಿ, ತುದಿಗಳನ್ನು ಬಿಗಿಯಾಗಿ ಹಿಡಿದೆ. ಬಲೂನಿನಂತೆ ಉಬ್ಬಿತು. ನಮ್ಮೂರ ಕೆರೆಯಲ್ಲಿ ನಾವೆಲ್ಲ ಈಜು ಕಲಿತದ್ದೇ ಹೀಗೆ. ಮೊಮ್ಮಗಳು ಅದನ್ನು ಅಪ್ಪಿಕೊಂಡು ತೇಲಿಯೇಬಿಟ್ಟಳು!

"ತಾತ, ಐ ಆಮ್ ಸ್ವಿಮ್ಮಿಂಗ್!"

ಸೀಟಿ ಊದುತ್ತ ಓಡಿಬಂದ ಲೈಫ್‌ಗಾರ್ಡ್ ಚಪ್ಪಾಳೆ ತಟ್ಟಿದ. ಅಳಿಯ ಈಗ ಸಿಕ್ಕವರಿಗೆಲ್ಲ "ಇವ್ರು ನಮ್ಮ ಮಾವ" ಎನ್ನುತ್ತಿದ್ದಾನೆ. ನಾನು ಪಟ್ಟಾಪಟ್ಟಿ ಚಡ್ಡಿಯಲ್ಲೇ ಎಲ್ಲರ ಕೈಕುಲುಕುತ್ತಿದ್ದೇನೆ. ಪಂಚೆ ವಾಪಸ್ ಕೊಡಲು ಮೊಮ್ಮಗಳು ಒಪ್ಪುತ್ತಿಲ್ಲ.